ಕಳ್ಳನ ಭಯವೂ ಬೆಂಕಿಯ ಭಯವೂ

ಮನೆಯನ್ನು ಕಟ್ಟಿಸುವ ಗೃಹಸ್ಥನು ಕಳ್ಳನನ್ನು ನೆನೆಯುವಷ್ಟು ಬೆಂಕಿಯನ್ನು ನೆನೆಯುವುದಿಲ್ಲ. ಕಳ್ಳನು ಹೊರಗಿನಿಂದ ಬರತಕ್ಕವನು. ಅವನಿಗಾಗಿ ಸರಳು, ಚಿಲಕ, ಬೀಗಗಳನ್ನು ಒದಗಿಸಿಕೊಳ್ಳುತ್ತೇವೆ. ಬೆಂಕಿಯಾದರೋ ಮನೆಯೊಳಗೇ ಹುಟ್ಟತಕ್ಕದ್ದು. ಕಳ್ಳನನ್ನು ಹೊರಗೆ ತಡೆಯುವ ಸರಳೇ ಬೆಂಕಿ ಬಿದ್ದ ರಾತ್ರಿ ನಮ್ಮನ್ನು ಒಳಗೆ ತಡೆದುಬಿಡುವುದೆಂಬುದನ್ನು ಸಂಸಾರಿಗಳಾದವರು ಆಲೋಚಿಸಬೇಕು.

ಕಳೆದ ವರ್ಷ ಮಗನ ಸಂಸಾರಕ್ಕೆಂದು ನಮ್ಮ ಹಳೆಯ ಮನೆಯ ಮೇಲೆ ಒಂದು ಅಂತಸ್ತನ್ನು ಎತ್ತಿಸಬೇಕಾಗಿ ಬಂದಿತು. ಅಗ್ನಿರಕ್ಷಣೆಯ ಕಟ್ಟಳೆಗಳು ನಮಗೇನಾದರೂ ಅನ್ವಯಿಸುವುವೆ ಎಂದು ನಕ್ಷೆ ಬರೆದ ಇಂಜಿನಿಯರರನ್ನು ಕೇಳಿದೆವು. ಅವರು ನಕ್ಕು, ಅದೆಲ್ಲ ಎತ್ತರದ ಕಟ್ಟಡಗಳಿಗೆ, ನಿಮ್ಮಂಥ ಸಣ್ಣ ಮನೆಗಳನ್ನು ಯಾರೂ ಕೇಳುವುದಿಲ್ಲವೆಂದರು. ಅವರ ಮಾತಿಗೆ ಆಧಾರವಿಲ್ಲದೆ ಇಲ್ಲ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ನಾಲ್ಕನೆಯ ಭಾಗವು ಅಗ್ನಿರಕ್ಷಣೆಗೇ ಮೀಸಲಾದುದು. 15 ಮೀಟರು ಮತ್ತು ಅದಕ್ಕೆ ಮೇಲ್ಪಟ್ಟ ಎತ್ತರದ ಕಟ್ಟಡಗಳನ್ನು ಅದು ಬೇರೆಯಾಗಿ ಎಣಿಸಿ ಹೆಚ್ಚು ಕಠಿನವಾದ ವಿಧಿಗಳನ್ನು ಹೇಳಿದೆ. ಆದರೆ ಬೆಂಕಿಗೆ ಮೀಟರಿನ ಲೆಕ್ಕ ತಿಳಿಯದಷ್ಟೆ! ಅಧಿಕಾರಿಯ ಕಣ್ಣು ಬೀಳದ ಮನೆಗೆ ಗೃಹಸ್ಥನೇ ಅಧಿಕಾರಿಯಾಗಬೇಕು.

ಈ ಹೊಣೆ ಹೊಸತೇನೂ ಅಲ್ಲ. ಆರ್. ಶಾಮಶಾಸ್ತ್ರಿಗಳು ಮೈಸೂರಿನಲ್ಲಿ 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನಗರಾಧಿಕಾರಿಯ ಕರ್ತವ್ಯಗಳನ್ನು ಹೇಳುವಲ್ಲಿ ಈ ವಿಷಯವು ಬಂದಿದೆ. ಬೇಸಗೆಯ ನಡುಹಗಲಿನಲ್ಲಿ ಒಲೆ ಹೊತ್ತಿಸಕೂಡದು. ಅಡಿಗೆ ಮಾಡಲೇಬೇಕಾದರೆ ಮನೆಯ ಹೊರಗೆ ಮಾಡತಕ್ಕದ್ದು. ನೀರಿನ ಐದು ಕೊಡಗಳು, ಏಣಿ, ಕೊಡಲಿ, ಮೊರ, ಕೊಕ್ಕೆ ಮೊದಲಾದುವನ್ನು ಮನೆಯಲ್ಲಿ ಸಿದ್ಧವಾಗಿಡದವನಿಗೆ ಕಾಲು ಪಣ ದಂಡ. ಬೆಂಕಿ ಬಿದ್ದ ಕಡೆಗೆ ಓಡಿಬಾರದ ಮನೆಯೊಡೆಯನಿಗೆ 12 ಪಣ, ಬಾಡಿಗೆಗಿರುವವನಿಗೆ 6 ಪಣ. ಕೊಡವಿಲ್ಲದವನಿಗಿಂತ ನೆರೆಗೆ ಒದಗದ ಮನೆಯೊಡೆಯನ ದಂಡವು 48 ಪಾಲು ಹೆಚ್ಚಾಯಿತು! ಅಲ್ಲಿ ಎತ್ತರದ ಮನೆ, ಗಿಡ್ಡ ಮನೆ ಎಂಬ ಭೇದವನ್ನೂ ನಾವು ಕಾಣೆವು.

ನಮ್ಮ ಮನೆಯಲ್ಲಿ ಮೊದಲು ವಿವಾದಕ್ಕೆ ಬಂದುದು ಕಿಟಕಿಯ ಸರಳು. ಬೀದಿಯಲ್ಲಿ ಒಂದೇ ವರ್ಷದಲ್ಲಿ ಎರಡು ಕಳವುಗಳಾಗಿದ್ದುವು; ಆದುದರಿಂದ ಮೇಲಂತಸ್ತಿನ ಕಿಟಕಿಗಳಿಗೂ ಗಟ್ಟಿಯಾದ ಜಾಲರಿ ಬೇಕೆಂದು ನಮ್ಮ ಗೃಹಿಣಿಯು ಹಟ ಹಿಡಿದರು. ಅವರ ಭಯ ನ್ಯಾಯವಾದುದೇ. ಕಡೆಗೆ ಪ್ರತಿ ಕೋಣೆಯ ಒಂದು ಜಾಲರಿಗೆ ತಿರುಗಣೆಯ ಬಾಗಿಲನ್ನು ಮಾಡಿಸಿ, ಬೀಗವಿಲ್ಲದ ಚಿಲಕವನ್ನು ಒಳಗಡೆ ಇರಿಸಿ, ಹೊರಗಿನ ಕೈಗೆ ಸಿಕ್ಕದಂತೆ ಅದಕ್ಕೊಂದು ತಗಡನ್ನು ಹೊದಿಸಿದೆವು. ಇಬ್ಬರ ಭಯಕ್ಕೂ ಉತ್ತರ ದೊರೆಯಿತು.

ಎರಡನೆಯದು ಮೆಟ್ಟಿಲಿನ ಕೆಳಗಣ ಜಾಗ. ಅಡಿಗೆಯ ಅನಿಲದ ಸಿಲಿಂಡರನ್ನೂ, ರಾತ್ರಿಯೆಲ್ಲ ವಿದ್ಯುತ್ತು ತುಂಬಿಸಬೇಕಾದ ಬ್ಯಾಟರಿಯ ಸ್ಕೂಟರನ್ನೂ ಅಲ್ಲಿಡಬೇಕೆಂದು ಮಗನ ಎಣಿಕೆ. ನಾವು ಸಮ್ಮತಿಸಲಿಲ್ಲ. ಮನೆಗಿದ್ದ ಮೆಟ್ಟಿಲು ಒಂದೇ. ಹೊಗೆ ಮೇಲಕ್ಕೇರುವ ಸ್ವಭಾವದ್ದಾದುದರಿಂದ ಕೆಳಗೆ ಬೆಂಕಿ ಬಿದ್ದರೆ ಮೆಟ್ಟಿಲೇ ಹೊಗೆಗೂಡಾಗುವುದು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್ಟನ್ ಟವರ್ಸಿನಲ್ಲಿ ಬೆಂಕಿಯೆದ್ದಾಗ 9 ಜನರು ಮಡಿದರು. ಹೊಗೆಗೆ ಹೆದರಿ ಕಿಟಕಿಯಿಂದ ಧುಮುಕಿದವರೂ ಅವರಲ್ಲಿದ್ದರು. ಉರಿಗಿಂತ ಮೊದಲು ಹೊಗೆಯೇ ಕೊಲ್ಲುವುದೆಂಬುದನ್ನು ಮರೆಯಬಾರದು. ಮಗನು ನಾಲ್ಕು ದಿನ ಮಾತು ಬಿಟ್ಟನು. ಸ್ಕೂಟರಿಗಾಗಿ ಮುಂದಣ ಅಂಗಳದಲ್ಲಿ ಚಪ್ಪರವೇಳಬೇಕಾದುದರಿಂದ ನಮ್ಮ ತಾಯಿಯವರು ಇಪ್ಪತ್ತು ವರ್ಷ ನೀರೆರೆದ ಮಲ್ಲಿಗೆಯ ಬಳ್ಳಿ ಹೋಯಿತು. ಅವರು ಒಂದು ಮಾತನ್ನೂ ಆಡಲಿಲ್ಲ. ಅದೇ ನಮಗೆ ಹೆಚ್ಚಿನ ವ್ಯಥೆಯಾಯಿತು. ಸಿಲಿಂಡರು ಅಡಿಗೆಯ ಮನೆಯಲ್ಲೇ ಉಳಿಯಿತು. ಆ ಅನಿಲವು ಗಾಳಿಗಿಂತ ಭಾರವಾದುದು, ಸೋರಿದರೆ ನೆಲದ ಮೇಲೆ ಹರಡುವುದು. ಆದಕಾರಣ ಗೋಡೆಯಲ್ಲಿ ನೆಲದ ಮಟ್ಟಕ್ಕೇ ಗಾಳಿಗಿಂಡಿಯನ್ನು ಬಿಡಿಸಿದೆವು.

ಮೂರನೆಯದು ಹಳೆಯ ತಂತಿಗಳು. ಎರಡು ದೀಪ, ಒಂದು ಬೀಸಣಿಗೆಗೆಂದು ಎಳೆದ ತಂತಿಗೆ ನೀರು ಕಾಯಿಸುವ ಯಂತ್ರವನ್ನೂ ಕೋಣೆ ತಂಪು ಮಾಡುವ ಯಂತ್ರವನ್ನೂ ಜೋಡಿಸಿದರೆ ಅದು ಗೋಡೆಯೊಳಗೇ ಕಾದು ಹೊದಿಕೆಯು ಕರಗುವುದು. ನಡುಮನೆಗೆ ಎಣಿಸಿದ್ದ ಗ್ರಾನೈಟಿನ ಹಾಸನ್ನು ಕೈಬಿಟ್ಟು ಆ ಹಣದಿಂದ ತಂತಿಗಳನ್ನೆಲ್ಲ ಬದಲಾಯಿಸಿದೆವು. ಸೋರುವ ವಿದ್ಯುತ್ತನ್ನು ಕಂಡೊಡನೆ ಪ್ರವಾಹವನ್ನು ಕಡಿಯುವ ಉಪಕರಣವನ್ನೂ ಹಾಕಿಸಿದೆವು. ಬಂದ ನೆಂಟರು ಹಾಸನ್ನು ನೋಡಿ ಮೆಚ್ಚುತ್ತಿದ್ದರು. ತಂತಿಯನ್ನು ಯಾರು ನೋಡುವರು? ಆದರೂ ರಾತ್ರಿ ನಿದ್ದೆ ಬರುವುದು ಹಾಸಿನಿಂದಲ್ಲ.

ಮನೆಯ ದುರಸ್ತಿಗೆ ಕೈಯಿಡುವ ವಾಚಕರು ಖರ್ಚಿಲ್ಲದ ಒಂದು ಪರೀಕ್ಷೆಯನ್ನು ಮಾಡಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಒಂದು ರಾತ್ರಿ ದೀಪಗಳನ್ನೆಲ್ಲ ಆರಿಸಿ, ಮನೆಯಲ್ಲಿ ಅತ್ಯಂತ ವೃದ್ಧರಾದವರೂ ಅತ್ಯಂತ ಚಿಕ್ಕವರೂ ಹಾಸಿಗೆಯಿಂದ ಎದ್ದು, ಯಾರನ್ನೂ ಬೀಗದ ಕೈ ಕೇಳದೆ, ಬೀದಿಗೆ ಬರಬಲ್ಲರೆ ಎಂಬುದನ್ನು ಕಾಣಬೇಕು. ನಮ್ಮಲ್ಲಿ ಮೊಮ್ಮಗನು ಓಡಿಬಂದನು. 82 ವರ್ಷದ ತಾಯಿಯವರು ಗೋಡೆಯನ್ನು ಹಿಡಿದು ನಿಧಾನವಾಗಿ ಬಂದು ಹೊಸ ಬಾಗಿಲಿನೆದುರು ನಿಂತರು. ಬಗ್ಗಿದ ಬೆನ್ನಿನ ಅವರಿಗೆ ಮೇಲಣ ಚಿಲಕವು ಎಟಕಲಿಲ್ಲ. ಮರುದಿನವೇ ಬಡಗಿಯನ್ನು ಕರೆಯಿಸಿ ಅದನ್ನು ಎರಡು ಗೇಣು ಕೆಳಗಿಳಿಸಿದೆವು. ಆ ಎರಡು ಗೇಣನ್ನು ಯಾವ ಸಂಹಿತೆಯೂ ಅಳೆದು ಹೇಳಲಾರದು, ಮನೆಯವರೇ ಅಳೆಯಬೇಕು.