ನೇರಳೆ ಸೀಲಿನ ಮಾಂಸ

ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರಕ್ಕೆ ನಾನು ಪಶುವೈದ್ಯನಾಗಿ ಹೋದದ್ದು 1984ರಲ್ಲಿ. ಆಸ್ಪತ್ರೆಯ ಕೆಲಸದ ಜೊತೆಗೆ ಪುರಸಭೆಯ ಕಸಾಯಿಖಾನೆಯ ತಪಾಸಣೆಯೂ ನನ್ನ ಪಾಲಿಗೆ ಬಂತು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಮಾಂಸ ತಪಾಸಣೆಯ ಪಾಠ ಓದಿದ್ದೆ. ಆದರೆ ಬೆಳಗಿನ ಜಾವ ಟಾರ್ಚು ಹಿಡಿದು, ಕೆರೆಯ ಕೋಡಿ ದಾಟಿ ಹೋಗಿ, ಚಳಿಯಲ್ಲಿ ನಿಂತು ಅದನ್ನು ಮಾಡುವುದು ಬೇರೆಯೇ ವಿದ್ಯೆ. ಅದನ್ನು ನನಗೆ ಕಲಿಸಿದವರು ಅಲ್ಲಿ ತಲೆತಲಾಂತರದಿಂದ ಕತ್ತಿ ಹಿಡಿದಿದ್ದ ಹಿರಿಯರು.

ಕಟ್ಟಡ ದೊಡ್ಡದೇನಲ್ಲ. ಕಲ್ಲುಚಪ್ಪಡಿಯ ನೆಲ, ಮೇಲೆ ಮಂಗಳೂರು ಹೆಂಚು, ಸುತ್ತ ಎದೆಮಟ್ಟದ ಗೋಡೆ. ಅಡ್ಡತೊಲೆಗೆ ಸಾಲಾಗಿ ಕಬ್ಬಿಣದ ಕೊಕ್ಕೆಗಳು. ಒಂದು ಮೂಲೆಯಲ್ಲಿ ನೀರಿನ ತೊಟ್ಟಿ, ನೆಲದ ಇಳಿಜಾರಿಗೆ ಚರಂಡಿ, ಚರಂಡಿಯ ಕೊನೆಗೆ ಗುಂಡಿ. ಹಿಂದಿನ ಸಂಜೆಯೇ ಬಂದ ಕುರಿ, ಮೇಕೆಗಳನ್ನು ಕೂಡಲು ಪಕ್ಕದಲ್ಲೊಂದು ದೊಡ್ಡಿ. ವಾರದ ದಿನಗಳಲ್ಲಿ ಇಪ್ಪತ್ತು ಇಪ್ಪತ್ತೈದು ತಲೆ, ಭಾನುವಾರ ಅದರ ಎರಡರಷ್ಟು. ಯುಗಾದಿ ಮಾರನೆಯ ದಿನದ ಹೊಸತೊಡಕಿಗೆ ಮಾತ್ರ ಅಲ್ಲಿ ರಾತ್ರಿಯಿಡೀ ದೀಪ ಉರಿಯುತ್ತಿತ್ತು. ಹಳ್ಳಿಗಳಲ್ಲಿ ಅವತ್ತು ಹತ್ತಾರು ಮನೆಯವರು ಸೇರಿ ಕುರಿ ತಂದು, ತಾವೇ ಕೊಯ್ದು ಗುಡ್ಡೆಬಾಡು ಹಂಚಿಕೊಳ್ಳುತ್ತಾರೆ. ಪೇಟೆಯ ಜನಕ್ಕೆ ಈ ಹೆಂಚಿನ ಮಾಡೇ ಆಧಾರ.

ಕೊಯ್ಯುವ ಮೊದಲು ದೊಡ್ಡಿಯಲ್ಲೇ ಒಂದು ಸುತ್ತು ನೋಡಬೇಕು. ತಲೆ ತಗ್ಗಿಸಿ ನಿಂತದ್ದು, ಮೂಗು ಸುರಿಯುತ್ತಿರುವುದು, ಬಾಯಲ್ಲಿ ಹುಣ್ಣಾದದ್ದು, ಗಬ್ಬದ ಕುರಿ ಇವೆಲ್ಲ ಬೇರೆಯಾಗಬೇಕು. ಕೊಯ್ದು ಕೊಕ್ಕೆಗೆ ಹಾಕಿದ ಮೇಲೆ ಪುಪ್ಪುಸ, ಲಿವರ್, ಗುಲ್ಮ, ಗಂಟುಗಳನ್ನು ಮುಟ್ಟಿ, ಒತ್ತಿ, ಕುಯ್ದು ನೋಡಬೇಕು. ಲಿವರ್‌ನ ಪಿತ್ತನಾಳದಲ್ಲಿ ಚಪ್ಪಟೆ ಹುಳು ಸಿಕ್ಕಿತೆಂದರೆ ಆ ಮಂದೆ ಕೆರೆಯಂಚಿನ ಜವುಗಿನಲ್ಲಿ ಮೇಯ್ದದ್ದು. ಅಲ್ಲಿನ ಬಸವನಹುಳುವಿನಿಂದ ಬಂದ ಸೋಂಕು. ಕುರಿಗಾಹಿಗೆ ಹೇಳಿ ಕಳಿಸಿದರೆ ಉಳಿದ ಮಂದೆಗೆ ಔಷಧಿ ಕುಡಿಸಬಹುದಿತ್ತು. ಕಸಾಯಿಖಾನೆಯ ತಪಾಸಣೆ ತಿನ್ನುವವರಿಗೆ ಎಷ್ಟು ಮುಖ್ಯವೋ ಸಾಕುವವರಿಗೂ ಅಷ್ಟೇ ಮುಖ್ಯವೆಂದು ನನಗೆ ಮನದಟ್ಟಾದದ್ದು ಅಲ್ಲಿ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ನೀರು ತುಂಬಿದ ಬಿಳಿ ಗುಳ್ಳೆಗಳ ಬಗ್ಗೆ. ಹೈಡಾಟಿಡ್ ಗುಳ್ಳೆ. ಇಂಥ ಪುಪ್ಪುಸವನ್ನು ಬಿಸಾಡಿದರೆ ನಾಯಿ ತಿನ್ನುತ್ತದೆ, ನಾಯಿಯ ಕರುಳಲ್ಲಿ ಅದು ಹುಳುವಾಗುತ್ತದೆ, ಅದರ ಮೊಟ್ಟೆ ಹೇಲಿನೊಡನೆ ಹೊರಬಂದು ಹುಲ್ಲಿಗೆ, ಮಣ್ಣಿಗೆ, ಮಣ್ಣಲ್ಲಿ ಆಡುವ ಮಗುವಿನ ಕೈಗೆ ಸೇರುತ್ತದೆ. ಆಮೇಲೆ ಮನುಷ್ಯನ ಲಿವರ್‌ನಲ್ಲೂ ಅದೇ ಗುಳ್ಳೆ ಬೆಳೆಯುತ್ತದೆ. ಇದನ್ನು ತಡೆಯಲು ಬೇಕಾದದ್ದು ಒಬ್ಬ ನೋಡುವವ, ಒಂದು ಮುಚ್ಚಿದ ಗುಂಡಿ, ನಾಯಿ ನುಗ್ಗದ ಒಂದು ಗೋಡೆ. ಆ ಹಳೇ ಮಾಡಿನಲ್ಲಿ ಮೂರೂ ಇದ್ದವು.

ಸರಿಯಿದ್ದದ್ದಕ್ಕೆ ತೊಡೆಯ ಮೇಲೆ ನೇರಳೆ ಶಾಯಿಯ ಪುರಸಭೆ ಸೀಲು ಬೀಳುತ್ತಿತ್ತು. ಮಾಂಸ ಕೊಳ್ಳಲು ಬಂದ ಅಜ್ಜಿಯರು 'ಸೀಲು ತೋರ್ಸಪ್ಪಾ' ಎಂದು ಕೇಳಿ, ನೋಡಿ, ಆಮೇಲೆ ಚೀಲ ಮುಂದೆ ಹಿಡಿಯುತ್ತಿದ್ದರು. ಇದೆಲ್ಲ ನಡೆಯುತ್ತಿದ್ದುದು ಪುರಸಭೆಯ ದುಡ್ಡಿನಲ್ಲಿ. ನೀರು, ದೀಪ, ಶಾಯಿ, ಚರಂಡಿ ತೊಳೆಯುವ ಪೌರಕಾರ್ಮಿಕರ ಸಂಬಳ ಎಲ್ಲ ಅದರದೇ. ತಲೆಗಿಷ್ಟು ಎಂದು ಶುಲ್ಕವಿತ್ತು, ಅದರ ವಸೂಲಿ ವರ್ಷಕ್ಕೊಮ್ಮೆ ಹರಾಜಾಗುತ್ತಿತ್ತು. ಶುಲ್ಕದಿಂದ ಖರ್ಚು ಪೂರ್ತಿ ಹುಟ್ಟುತ್ತಿರಲಿಲ್ಲ. ಹುಟ್ಟಬೇಕೆಂದು ಯಾರೂ ಪಟ್ಟು ಹಿಡಿದಿರಲೂ ಇಲ್ಲ. ಬೀದಿದೀಪದಂತೆ, ಕುಡಿಯುವ ನೀರಿನಂತೆ ಇದೂ ಊರಿನ ಕೆಲಸವೆಂದೇ ಆಗಿನ ಮುಖ್ಯಾಧಿಕಾರಿಗಳು ತಿಳಿದಿದ್ದರು.

ನಾನು ವರ್ಗವಾಗಿ ಬೇರೆ ಜಿಲ್ಲೆಗಳನ್ನು ಸುತ್ತಿ, ಇಪ್ಪತ್ತನೇ ಶತಮಾನ ಮುಗಿಯುವ ಹೊತ್ತಿಗೆ ಮತ್ತೆ ಅದೇ ಊರಿಗೆ ಬಂದೆ. ಕೋಡಿಯಾಚೆ ಬಡಾವಣೆ ಎದ್ದಿತ್ತು. ಹೊಸ ಮನೆಗಳವರು ವಾಸನೆಯ ದೂರು ಕೊಟ್ಟಿದ್ದರು, ಅದು ನ್ಯಾಯವಾದ ದೂರೇ. ಚರಂಡಿ ಒಡೆದಿತ್ತು, ತೊಟ್ಟಿಗೆ ನೀರು ಬರುವುದು ನಿಂತಿತ್ತು. ರಿಪೇರಿಗೆ ದುಡ್ಡಿಲ್ಲವೆಂದು ಮೊದಲು ಬೀಗ ಬಿತ್ತು, ಆಮೇಲೆ ಹೆಂಚುಗಳು ಒಂದೊಂದಾಗಿ ಮಾಯವಾದವು. ಅಂಗಡಿಯವರು ತಂತಮ್ಮ ಅಂಗಡಿಯ ಹಿಂದೆ, ರಸ್ತೆ ಬದಿಯಲ್ಲಿ, ಮೋರಿ ಪಕ್ಕದಲ್ಲಿ ಕೊಯ್ಯತೊಡಗಿದರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಬೇರೆ ಜಾಗ ಇರಲಿಲ್ಲ. ನೇರಳೆ ಸೀಲು ಪುರಸಭೆಯ ಕಪಾಟಿನಲ್ಲಿ ಒಣಗುತ್ತಿತ್ತು. ಪುಪ್ಪುಸ, ಕರುಳು ಮೋರಿಗೆ ಹೋಗುತ್ತಿತ್ತು, ಮೋರಿಯ ಬಳಿ ನಾಯಿಗಳ ಹಿಂಡು.

ವಿಚಿತ್ರವೆಂದರೆ ಕಾನೂನು ಗಟ್ಟಿಯಾಗುತ್ತಾ ಹೋದದ್ದೂ ಇದೇ ವರ್ಷಗಳಲ್ಲಿ. ಸಂವಿಧಾನದ 74ನೇ ತಿದ್ದುಪಡಿ ಕಸಾಯಿಖಾನೆಗಳ ನಿಯಂತ್ರಣವನ್ನು ಹನ್ನೆರಡನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳ ಕೆಲಸವೆಂದು ಬರೆಯಿತು. 2001ರ ಕಸಾಯಿಖಾನೆ ನಿಯಮಗಳು ಒಬ್ಬ ಪಶುವೈದ್ಯ ಗಂಟೆಗೆ 12ಕ್ಕಿಂತ, ದಿನಕ್ಕೆ 96ಕ್ಕಿಂತ ಹೆಚ್ಚು ಪ್ರಾಣಿಗಳನ್ನು ತಪಾಸಣೆ ಮಾಡಕೂಡದು ಎಂದವು. ಗಬ್ಬದ ಪ್ರಾಣಿಯನ್ನೂ, ಮೂರು ತಿಂಗಳೊಳಗಿನ ಮರಿಯನ್ನೂ ಕೊಯ್ಯಬಾರದೆಂದವು. 2006ರ ಆಹಾರ ಸುರಕ್ಷತಾ ಕಾಯಿದೆ, ಅದರ ಹಿಂದೆ 2011ರ ನಿಬಂಧನೆಗಳು ಬಂದವು. ಒಂದೊಂದೂ ಒಳ್ಳೆಯ ನಿಯಮ. ಆದರೆ ಗಂಟೆಗೆ ಹನ್ನೆರಡನ್ನು ನೋಡಲು ನಮ್ಮ ತಾಲ್ಲೂಕಿನಲ್ಲಿ ನೆಲವೂ ಇರಲಿಲ್ಲ, ವೈದ್ಯನೂ ಇರಲಿಲ್ಲ. ಇದ್ದ ಒಬ್ಬಿಬ್ಬರು ಕಾಲುಬಾಯಿ ಜ್ವರದ ಲಸಿಕೆಗೂ ಕೃತಕ ಗರ್ಭಧಾರಣೆಗೂ ಹಳ್ಳಿ ಹಳ್ಳಿ ಓಡಾಡುತ್ತಿದ್ದರು.

ಆಮೇಲೆ ದೊಡ್ಡ ದುಡ್ಡಿನ ಕಾಲ ಬಂತು. ಹನ್ನೊಂದನೇ ಪಂಚವಾರ್ಷಿಕ ಯೋಜನೆಯಲ್ಲಿ ಕೇಂದ್ರದ ಆಹಾರ ಸಂಸ್ಕರಣಾ ಸಚಿವಾಲಯ ಆಧುನಿಕ ಕಸಾಯಿಖಾನೆಗಳಿಗೆ ಸಹಾಯಧನ ಘೋಷಿಸಿತು. ಯಂತ್ರೋಪಕರಣ ಮತ್ತು ತಾಂತ್ರಿಕ ಕಾಮಗಾರಿಯ ಖರ್ಚಿನಲ್ಲಿ ಶೇ. 50, ದುರ್ಗಮ ಪ್ರದೇಶಗಳಿಗೆ ಶೇ. 75, ಗರಿಷ್ಠ 15 ಕೋಟಿ ರೂಪಾಯಿ. ದಿಮಾಪುರ, ಕೋಲ್ಕತ್ತಾ, ರಾಂಚಿ, ಪಾಟ್ನಾದಂಥ ನಗರಗಳ ಯೋಜನೆಗಳು ಮಂಜೂರಾದವು. ಆ ಗಾಳಿ ಸಣ್ಣ ಊರುಗಳಿಗೂ ಬೀಸಿತು. ನಮ್ಮಲ್ಲೂ ಒಂದು ಯೋಜನಾ ವರದಿ ತಯಾರಾಯಿತು. ಯಾರದೋ ಮಹಾನಗರಕ್ಕೆ ಬರೆದದ್ದನ್ನು ನಮ್ಮ ಊರಿಗೆ ಹೊಂದಿಸಿದಂತಿತ್ತು. ದಿನಕ್ಕೆ ನೂರಾರು ತಲೆ, ಮೇಲ್ಗಡೆ ಕಂಬಿಯ ಸಾಲು, ತ್ಯಾಜ್ಯ ನೀರಿನ ಶುದ್ಧೀಕರಣ ಘಟಕ. ಊರಿನಿಂದ ಬಲು ದೂರ, ಬಸ್ಸಿಲ್ಲದ ಗುಡ್ಡದ ತಪ್ಪಲಲ್ಲಿ ಕಟ್ಟಿದರು. ಉದ್ಘಾಟನೆಯೂ ಆಯಿತು. ಕೆಲವು ತಿಂಗಳು ನಡೆದು, ಕರೆಂಟಿನ ಬಾಕಿಯಿಂದ ಬಾಗಿಲು ಹಾಕಿತು.

ಅಂಗಡಿಯ ಹಿರಿಯರೊಬ್ಬರನ್ನು ನಾನು ಕೇಳಿದೆ, "ಸಾಬ್ರೇ, ಅಷ್ಟು ಚೆನ್ನಾಗಿ ಕಟ್ಟವ್ರೆ, ಯಾಕೆ ಹೋಗಲ್ಲ ನೀವು?"

"ಹೋಗಾಕೆ ನಂಗೇನೂ ಬ್ಯಾಸ್ರ ಇಲ್ಲ ಡಾಕ್ಟ್ರೇ," ಅಂದರು. "ನಾಲ್ಕು ಕುರಿ ಕೊಯ್ಯೋನು ನಾನು. ಹೋಗ್ತಾ ಕುರಿಗೆ ಆಟೋ ಬಾಡಿಗೆ, ಬರ್ತಾ ಮಾಂಸಕ್ಕೆ ಬಾಡಿಗೆ. ತಲೆಕಾಲು ಬ್ಯಾರೆ, ಬೋಟಿ ಬ್ಯಾರೆ ತರಬೇಕು. ಐಸಿಲ್ಲ. ಹತ್ತು ಗಂಟೆಗೆ ಬಿಸ್ಲು ಏರಿದ್ರೆ ಮಾಂಸ ಏನಾಗ್ತದೆ ನಿಮಗೇ ಗೊತ್ತು. ಅಲ್ಲೇ ಕೋಡಿ ಹತ್ರ ಹಳೇದನ್ನೇ ಸರಿ ಮಾಡ್ಸಿ ಕೊಟ್ಟಿದ್ರೆ ನಾವೇ ಗುಡಿಸ್ಕೊಂಡು ಇರ್ತಿದ್ವಿ."

ಅವರ ಲೆಕ್ಕ ಎಷ್ಟು ಖಚಿತವೆಂದು ಈ ಕಸುಬು ಬಲ್ಲವರಿಗೆ ಗೊತ್ತು. ಇಪ್ಪತ್ತು ಕೆ.ಜಿ. ತೂಗುವ ಜೀವಂತ ಕುರಿಯಲ್ಲಿ ಸಿಗುವ ಮಾಂಸ ಒಂಬತ್ತು ಹತ್ತು ಕೆ.ಜಿ. ಮಿಕ್ಕದ್ದು ತಲೆ, ಕಾಲು, ಬೋಟಿ, ಚರ್ಮ, ರಕ್ತ, ಹೊಟ್ಟೆಯೊಳಗಿನ ಮೇವು. ಅಂಗಡಿಯವನ ಲಾಭ ಬಹುಪಾಲು ಈ ಮಿಕ್ಕದ್ದರಲ್ಲೇ. ಹಿಂದೆ ಉಪ್ಪು ಸವರಿಟ್ಟ ಚರ್ಮವನ್ನು ವಾರಕ್ಕೊಮ್ಮೆ ಬಂದು ತಮಿಳುನಾಡಿನ ಹದ ಮಾಡುವ ಊರುಗಳಿಗೆ ಒಯ್ಯುತ್ತಿದ್ದರು, ಕೈಗೆ ಒಳ್ಳೆಯ ಕಾಸು ಬರುತ್ತಿತ್ತು. ಈಗ ಚರ್ಮದ ಬೆಲೆ ನೆಲ ಕಚ್ಚಿದೆ. ಒಂದು ಕಾಲದ ಲಾಭವೇ ಈಗ ಸುರಿಯಲು ಜಾಗ ಹುಡುಕಬೇಕಾದ ಕಸ. ಇಂಥ ಅಂಗಡಿಯವನ ಮೇಲೆ ಆಟೋ ಬಾಡಿಗೆಯನ್ನೂ ಹೊರಿಸಿದರೆ ಅವನು ಮೋರಿ ಪಕ್ಕಕ್ಕೇ ಹಿಂತಿರುಗುತ್ತಾನೆ.

ಕುರಿಗಾಹಿಗಳ ಕಡೆಯಿಂದ ನೋಡಿದರೂ ಇದೇ ಕಥೆ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳು 1.11 ಕೋಟಿ, ಮೇಕೆಗಳು 61 ಲಕ್ಷಕ್ಕೂ ಮೇಲೆ. ಬನ್ನೂರು, ಹಾಸನ, ಬಳ್ಳಾರಿ, ಕೆಂಗುರಿ, ಡೆಕ್ಕನಿ, ನಮ್ಮಲ್ಲಿ ತಳಿಗೆ ಬರವಿಲ್ಲ. ಅಮೀನಗಡ, ಕೆರೂರು, ಅಕ್ಕಿರಾಂಪುರದಂಥ ಸಂತೆಗಳಲ್ಲಿ ಕುರಿ ಕೈ ಬದಲಾಗುತ್ತದೆ, ಲಾರಿ ಹತ್ತುತ್ತದೆ, ನಿಂತೇ ದೂರದ ಊರು ಸೇರುತ್ತದೆ. ದಾರಿಯಲ್ಲಿ ನೀರಿಲ್ಲದೆ ತೂಕ ಕಳೆದುಕೊಳ್ಳುತ್ತದೆ, ಕೆಲವು ಸಾಯುತ್ತವೆ. ಹುಟ್ಟಿದ ತಾಲ್ಲೂಕಿನಲ್ಲೇ ಕೊಯ್ದು, ತಣ್ಣಗೆ ಮಾಡಿ ಮಾಂಸವನ್ನೇ ಕಳಿಸಿದರೆ ಆ ಸಂಕಟವೂ ಇಲ್ಲ, ನಷ್ಟವೂ ಇಲ್ಲ, ಕೂಲಿಯೂ ಊರಲ್ಲೇ ಉಳಿಯುತ್ತದೆ.

2020ರಲ್ಲಿ ಕೊರೊನಾದಿಂದ ಸಂತೆಗಳು ನಿಂತಾಗ ಇದು ಕಣ್ಣಿಗೆ ಹೊಡೆದಂತೆ ಕಂಡಿತು. ಮೇವಿಲ್ಲದ ಬೇಸಿಗೆ, ಹಟ್ಟಿ ತುಂಬ ಮಾರಾಟಕ್ಕೆ ಬಂದ ಟಗರುಮರಿಗಳು, ಕೊಳ್ಳುವವರಿಲ್ಲ. ಇತ್ತ ಪೇಟೆಯಲ್ಲಿ ಮಟನ್ ಬೆಲೆ ಏರುತ್ತಲೇ ಇತ್ತು. ಅದೇ ವರ್ಷ ಕೇಂದ್ರ ಸರ್ಕಾರ 15,000 ಕೋಟಿ ರೂಪಾಯಿಯ ಪಶುಸಂಗೋಪನಾ ಮೂಲಸೌಕರ್ಯ ನಿಧಿಯನ್ನು ತಂದಿತು. ಮಾಂಸ ಸಂಸ್ಕರಣೆಗೂ ಸಾಲ, ಬಡ್ಡಿಯಲ್ಲಿ ಶೇ. 3 ರಿಯಾಯಿತಿ. ಕಿರು ಆಹಾರ ಉದ್ದಿಮೆಗಳಿಗೆ ಶೇ. 35 ಸಹಾಯಧನ, ಗರಿಷ್ಠ 10 ಲಕ್ಷ ರೂಪಾಯಿ ಕೊಡುವ ಪಿಎಂಎಫ್‌ಎಂಇ ಯೋಜನೆಯೂ ಬಂತು. ನಮ್ಮ ಅಂಗಡಿಯ ಹಿರಿಯರ ಮೊಮ್ಮಗ, ಡಿಪ್ಲೊಮಾ ಓದಿದ ಹುಡುಗ, ಗಾಜಿನ ಕಪಾಟು, ಚಿಲ್ಲರ್, ಮಾಂಸ ಕತ್ತರಿಸುವ ಯಂತ್ರ ಹಾಕಬೇಕೆಂದು ಬ್ಯಾಂಕಿಗೆ ಓಡಾಡಿದ. ಸಾಲಕ್ಕೆ ಆಹಾರ ಸುರಕ್ಷತಾ ಪರವಾನಗಿ ಬೇಕೆಂದರು. ಪರವಾನಗಿಗೆ ಹೋದರೆ ಮಾಂಸವನ್ನು ಪರವಾನಗಿ ಪಡೆದ ಕಸಾಯಿಖಾನೆಯಿಂದಲೇ ತಂದಿರಬೇಕು ಎಂದರು. ತಾಲ್ಲೂಕಿನಲ್ಲಿ ಅಂಥದ್ದೊಂದಿಲ್ಲ. ಅವನ ಅರ್ಜಿ ಅಲ್ಲಿಗೇ ನಿಂತಿತು. ಅವನೀಗ ಬೆಂಗಳೂರಿನಲ್ಲಿ ಮಾಂಸವನ್ನು ಮನೆಬಾಗಿಲಿಗೆ ತಲುಪಿಸುವ ಕಂಪನಿಯೊಂದರ ಗೋದಾಮಿನಲ್ಲಿ ಕೆಲಸಕ್ಕಿದ್ದಾನೆ. ಅವನ ಕೈಯಲ್ಲಿ ಮೂರು ತಲೆಮಾರಿನ ಕಸುಬಿದೆ, ಅದು ಅವನ ಊರಿಗೆ ಸಿಗಲಿಲ್ಲ ಎಂಬ ನೋವು ನನಗೆ ಇನ್ನೂ ಹೋಗಿಲ್ಲ.

ಹಾಲಿಗೆ ನಾವು ಹೀಗೆ ಮಾಡಲಿಲ್ಲ. ಹಳ್ಳಿ ಹಳ್ಳಿಯ ಡೇರಿಗೆ ಸರ್ಕಾರದ ದುಡ್ಡು ಹೋಯಿತು. ಹಾಲು ತಣ್ಣಗಿಡುವ ತೊಟ್ಟಿ, ಪರೀಕ್ಷೆಯ ಯಂತ್ರ, ದಿನವೂ ಬರುವ ಲಾರಿ, ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ. ಅದು ಸರಿಯಾದ ಖರ್ಚು. ಅದರಿಂದ ಲಕ್ಷಾಂತರ ಮನೆಗಳು ಬದುಕಿವೆ. ಕುರಿಗಾಹಿಗೂ ಕೊಟ್ಟದ್ದುಂಟು. 2022ರಲ್ಲಿ ಘೋಷಣೆಯಾದ ಅಮೃತ ಸ್ವಾಭಿಮಾನಿ ಕುರಿಗಾಹಿ ಯೋಜನೆಯ 20+1 ಕುರಿ ಘಟಕ ಅಂಥದ್ದು. ಆದರೆ ಕುರಿ ಕೊಟ್ಟು, ಆ ಕುರಿ ಮಾಂಸವಾಗುವ ಜಾಗವನ್ನು ಮೋರಿ ಪಕ್ಕಕ್ಕೆ ಬಿಟ್ಟರೆ ಯೋಜನೆ ಅರ್ಧಕ್ಕೇ ನಿಂತಂತೆ.

ನಾನು ನಿವೃತ್ತನಾಗಿ ಈ ಊರಲ್ಲೇ ಮನೆ ಮಾಡಿದ್ದೇನೆ. ಪುರಸಭೆಯ ಬಜೆಟ್ ಪೂರ್ವಭಾವಿ ಸಭೆಗೆ ಹೋಗಿ ಕೇಳುವುದು ಒಂದೇ ಮಾತು. ದಿನಕ್ಕೆ ಐವತ್ತು ಕುರಿಗೆ ಸಾಕಾಗುವ ಸಣ್ಣ ನೆಲ. ಊರಿಗೆ ಹತ್ತಿರ, ಮನೆಗಳಿಗೆ ತುಸು ದೂರ. ಕೊಳವೆಬಾವಿ, ಕೊಕ್ಕೆ, ಇಳಿಜಾರು ಚರಂಡಿ, ಹೊಟ್ಟೆಯ ಮೇವು ಮತ್ತು ರಕ್ತ ಹೋಗಿ ಬೀಳಲು ಗೊಬ್ಬರ ಗ್ಯಾಸಿನ ಗುಂಡಿ, ಒಂದು ತಣ್ಣನೆಯ ಕೋಣೆ. ಎಲ್ಲಕ್ಕಿಂತ ಮೊದಲು, ಪ್ರತಿ ವರ್ಷದ ಬಜೆಟ್ಟಿನಲ್ಲಿ ಅದರ ಕರೆಂಟಿಗೆ, ಗುಡಿಸುವವರಿಗೆ, ತಪಾಸಣೆ ಮಾಡುವ ವೈದ್ಯನಿಗೆ ತೆಗೆದಿಟ್ಟ ಹಣ. ಕಟ್ಟಲು ದುಡ್ಡು ಕೊಡುವ ಯೋಜನೆಗಳು ಬೇಕಾದಷ್ಟಿವೆ. ನಡೆಸಲು ಕೊಡುವವರು ಬೇಕು.

ಮಾಂಸ ತಿನ್ನುವ ಓದುಗರಲ್ಲಿ ನನ್ನದೊಂದು ಕೇಳಿಕೆ. ಈ ಭಾನುವಾರ ಅಂಗಡಿಗೆ ಹೋದಾಗ, ಇದನ್ನು ಎಲ್ಲಿ ಕೊಯ್ದರು, ಇದರ ಲಿವರನ್ನು ಯಾರು ನೋಡಿದರು ಎಂದು ಕೇಳಿ. ಅಂಗಡಿಯವನ ಬಳಿ ಉತ್ತರವಿಲ್ಲದಿದ್ದರೆ ಅವನ ಮೇಲೆ ಸಿಟ್ಟಾಗಬೇಡಿ. ಅದೇ ಪ್ರಶ್ನೆಯನ್ನು ನಿಮ್ಮ ವಾರ್ಡಿನ ಸದಸ್ಯರಿಗೆ ಕೇಳಿ, ಬರವಣಿಗೆಯಲ್ಲಿ ಕೊಡಿ, ಉತ್ತರ ಬರುವವರೆಗೂ ಬಿಡಬೇಡಿ.