ಬಾಯಿಗೆ ಮೂರು ಬೆರಳು ಹೋಗ್ತಾವಾ?

ನಮ್ಮ ಚನ್ನಗಿರಿ ಕಡೆ 'ಡ್ರಗ್ಸ್' ಅಂದರೆ ಬೆಂಗಳೂರಿನ ಸುದ್ದಿ. ಟಿವಿಯಲ್ಲಿ ಗಾಂಜಾ ಹಿಡಿದರಂತೆ ಅಂತ ಬಂದರೆ, "ಸದ್ಯ, ನಮ್ಮ ಹುಡುಗ್ರು ಅಂಥಾದ್ದಕ್ಕೆ ಹೋಗಿಲ್ಲ" ಅನ್ನುತ್ತಾರೆ. ಹಾಗಂದವರೇ ಎರಡು ಚೀಟಿ ಹರಿದು, ಒಂದರೊಳಗೆ ಇನ್ನೊಂದನ್ನು ಸುರಿದು, ಅಲ್ಲಾಡಿಸಿ ಬಾಯಿಗೆ ಹಾಕಿಕೊಳ್ಳುತ್ತಾರೆ.

ಎರಡು ಚೀಟಿ ಯಾಕೆ ಗೊತ್ತಾ? 2013ರಲ್ಲಿ ಕರ್ನಾಟಕದಲ್ಲಿ ಗುಟ್ಕಾ ನಿಷೇಧ ಆಯಿತು. ತಿನ್ನೋ ಪದಾರ್ಥಕ್ಕೆ ತಂಬಾಕು ಬೆರೆಸುವಂತಿಲ್ಲ ಅನ್ನೋದು ನಿಯಮ. ಬೆರೆಸಿದರೆ ತಾನೆ ತಪ್ಪು? ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಅಕ್ಕಪಕ್ಕ ನೇತು ಹಾಕಿದರು. ಬೆರೆಸೋ ಕೆಲಸ ಮಾತ್ರ ತಿನ್ನೋರ ಕೈಗೆ ಬಂತು. ನಿಷೇಧ ಸರಿಯಾಗಿ ಜಾರಿ ಮಾಡಿ ಅಂತ 2016ರಲ್ಲಿ ಸುಪ್ರೀಂ ಕೋರ್ಟ್ ಹೇಳಿದರೂ ಅಂಗಡಿ ಮುಂದಿನ ಆ ಸರ ಇಳಿದಿಲ್ಲ.

ನಮ್ಮ ದೊಡ್ಡಪ್ಪನ ಮಗನಿಗೆ ಈಗ ಮೂವತ್ತನಾಲ್ಕು. ಸೀಸನ್‌ನಲ್ಲಿ ರಾತ್ರಿಯೆಲ್ಲ ಅಡಿಕೆ ಬೇಯಿಸುವಾಗ ನಿದ್ದೆ ಬರಬಾರದು ಅಂತ ಶುರು ಮಾಡಿದ್ದು. ಆಮೇಲೆ ದಿನಕ್ಕೆ ಹದಿನೈದು, ಇಪ್ಪತ್ತು ಜೊತೆ. ಮೊದಲು ಖಾರ ತಿಂದರೆ ಬಾಯಿ ಉರಿ ಅಂದ. ಬರಬರುತ್ತಾ ಮುದ್ದೆ ತುತ್ತು ಚಿಕ್ಕದಾಯಿತು. ಅದನ್ನು ಮೊದಲು ಗಮನಿಸಿದ್ದು ಅತ್ತಿಗೆ. ಡಾಕ್ಟರು ಮೂರು ಬೆರಳು ಒಂದರ ಮೇಲೊಂದು ಜೋಡಿಸಿ ಬಾಯೊಳಗೆ ಇಡು ಅಂದರು. ಎರಡೇ ಕಷ್ಟಪಟ್ಟು ಹೋದವು.

ಅಡಿಕೆಯಲ್ಲಿ ಅರೆಕೋಲಿನ್ ಅನ್ನೋ ಅಂಶ ಇದೆ. ಚಟ ಹತ್ತಿಸೋದೂ ಅದೇ, ಕೆನ್ನೆಯ ಒಳಪದರ ನಾರುನಾರಾಗಿ ಬಿಗಿಯುವಂತೆ ಮಾಡೋದೂ ಅದೇ. ತಂಬಾಕಿಲ್ಲದ ಚೀಟಿ ತಿಂದರೂ ಈ ಕಾಯಿಲೆ ಬರುತ್ತದೆ. ಒಮ್ಮೆ ಬಿಗಿದದ್ದು ಪೂರ್ತಿ ಸಡಿಲ ಆಗೋದು ಕಷ್ಟ, ಕೆಲವರಿಗೆ ಕ್ಯಾನ್ಸರ್‌ಗೆ ತಿರುಗುತ್ತದೆ.

ನಮ್ಮ ಮನೆಯಲ್ಲಿ ಮಾತು ನಿಲ್ಲೋದು ಇಲ್ಲೇ. ತಂಬಾಕನ್ನು ಎಷ್ಟು ಬೇಕಾದರೂ ಬೈಯಬಹುದು, ಅಡಿಕೆಯನ್ನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಪಟ್ಟಿಗೆ ಹಾಕಿದೆ ಅಂದರೆ ಅಪ್ಪ ತಟ್ಟೆ ಬಿಟ್ಟು ಏಳುತ್ತಾರೆ. "ನಮ್ಮವ್ವ ಸಾಯೋತನಕ ಎಲೆ-ಅಡಿಕೆ ಹಾಕ್ಕಂಡ್ಲು, ಏನಾಗಿತ್ತು ಅವಳಿಗೆ?" ಅವರ ಸಿಟ್ಟು ನನಗೆ ಅರ್ಥ ಆಗುತ್ತದೆ. ನನ್ನ ಕಾಲೇಜು ಫೀಸು ಕಟ್ಟಿದ್ದು ರಾಶಿ ಅಡಿಕೆ. ಈ ತಾಲೂಕಲ್ಲಿ ಮದುವೆ, ಮನೆ, ಬೋರ್‌ವೆಲ್ ಎಲ್ಲಾ ತುಮ್ಕೋಸ್ ರೇಟು ನೋಡಿಕೊಂಡೇ ನಡೆಯೋದು. ಆದರೆ ಅಜ್ಜಿ ಹಾಕುತ್ತಿದ್ದದ್ದು ಊಟ ಆದ ಮೇಲೆ ಒಂದು ಹೋಳು, ಎಲೆ ಜೊತೆ. (ಅದೂ ನಿರಪಾಯ ಅಂತೇನಲ್ಲ.) ಚೀಟಿ ಹಾಗಲ್ಲ, ಎದ್ದಾಗಿನಿಂದ ಮಲಗೋವರೆಗೆ ಕೆನ್ನೆಯಲ್ಲೇ ಇರುತ್ತದೆ. ಅಡಿಕೆ ಬೆಳೆಯೋರು ಅಡಿಕೆ ಚಟದ ಬಗ್ಗೆ ಮಾತಾಡಿದರೆ ರೇಟು ಬೀಳುತ್ತೆ ಅನ್ನೋ ಹೆದರಿಕೆಗೆ ನಮ್ಮ ಹುಡುಗರ ಬಾಯಿ ಯಾಕೆ ಮುಚ್ಚಬೇಕು?

ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರುವಂತಿಲ್ಲ ಅಂತ ಕಾನೂನು 2003ರಿಂದಲೇ ಇದೆ. ನಿಮ್ಮೂರ ಶಾಲೆ ಗೇಟಿನಿಂದ ಒಂದ್ಸಲ ಹೆಜ್ಜೆ ಎಣಿಸಿ ನೋಡಿ.

ಅಣ್ಣ 1800-11-2356ಕ್ಕೆ ಫೋನ್ ಮಾಡಿದ. ತಂಬಾಕು ಬಿಡೋರಿಗೆ ಇರೋ ಸರ್ಕಾರದ ಉಚಿತ ನಂಬರು, ಕನ್ನಡದಲ್ಲೇ ಮಾತಾಡುತ್ತಾರೆ. ಮೊದಲ ವಾರ ಮನೆಮಂದಿ ಮೇಲೆಲ್ಲ ರೇಗಾಡಿದ. ಈಗ ಜೇಬಲ್ಲಿ ಸೋಂಪು ಇಟ್ಟುಕೊಂಡಿದ್ದಾನೆ. ಡಾಕ್ಟರು ಹೇಳಿದಂತೆ ದಿನಾ ಐಸ್‌ಕ್ರೀಂ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ಅಗಲಿಸೋ ಅಭ್ಯಾಸ ಮಾಡುತ್ತಾನೆ. ಕಡ್ಡಿ ಎಣಿಸೋದು ಅವನ ಮಗಳ ಕೆಲಸ. ಎರಡು ತಿಂಗಳಲ್ಲಿ ಎರಡು ಕಡ್ಡಿ ಜಾಸ್ತಿ ಹೋಗಿದೆ.