ಹೊಳೆಗಿಳಿಯುವ ಮುನ್ನ

ಅಮೆರಿಕದ ಅರಿಝೋನಾ ರಾಜ್ಯದಲ್ಲಿ ಲೀಸ್ ಫೆರಿ ಎಂಬ ದೋಣಿಗಟ್ಟೆ ಇದೆ. ಕೊಲರಾಡೊ ನದಿ ಇಲ್ಲಿಂದ ಮುಂದೆ ಗ್ರ್ಯಾಂಡ್ ಕ್ಯಾನಿಯನ್ ಎಂಬ ಮಹಾಕಂದರವನ್ನು ಹೊಗುತ್ತದೆ. ಮತ್ತೆ ನೀರಿನಂಚಿಗೆ ರಸ್ತೆಯೊಂದು ಇಳಿದು ಬರುವುದು ಡೈಮಂಡ್ ಕ್ರೀಕ್‌ನಲ್ಲಿ. ಅಲ್ಲಿಗೆ 226 ಮೈಲಿ, ಅಂದರೆ ಸುಮಾರು 364 ಕಿಲೋಮೀಟರ್. ಬೆಂಗಳೂರಿನಿಂದ ಮಂಗಳೂರಿಗೆ ಹೋದಷ್ಟು ದಾರಿ. ಆದರೂ ಪ್ರತಿವರ್ಷ ಸಾವಿರಾರು ಮಂದಿ ಗಾಳಿ ತುಂಬಿದ ರಬ್ಬರ್ ದೋಣಿಗಳಲ್ಲಿ ಈ ದಾರಿ ಹಿಡಿಯುತ್ತಾರೆ.

ಮಾರ್ಗದರ್ಶಕ ಸಂಸ್ಥೆಗಳ ನೆರವಿಲ್ಲದೆ ಸ್ವಂತವಾಗಿ ಹೊರಡುವವರು ರಾಷ್ಟ್ರೀಯ ಉದ್ಯಾನದ ಅನುಮತಿ ಪಡೆಯಬೇಕು. ಹಿಂದೆ ಇದಕ್ಕೆ ಕಾಯುವವರ ಪಟ್ಟಿಯಿತ್ತು. ಸರದಿ ಬರಲು ಹತ್ತು ವರ್ಷ ಮೀರುವುದೂ ಇತ್ತು. 2006ರಿಂದ ಲಾಟರಿ ಪದ್ಧತಿ ಬಂದಿದೆ. ಒಂದು ತಂಡದಲ್ಲಿ ಹೆಚ್ಚೆಂದರೆ 16 ಜನ. ನಡುಬೇಸಿಗೆಯಲ್ಲಿ 16 ದಿನ, ಚಳಿಗಾಲದಲ್ಲಿ 25 ದಿನದ ಮಿತಿ.

ಇಲ್ಲಿಂದ ಲೆಕ್ಕ ಶುರು. 16 ಜನ, 16 ದಿನ, ದಿನಕ್ಕೆ ಮೂರು ಹೊತ್ತು ಎಂದರೆ 768 ಊಟ. ಅಕ್ಕಿ, ಹಿಟ್ಟು, ಔಷಧಿ, ದೋಣಿಗೆ ತೇಪೆ ಹಾಕುವ ಸಾಮಾನು ಎಲ್ಲವೂ ಮೊದಲ ದಿನವೇ ದೋಣಿಯಲ್ಲಿರಬೇಕು. ದಿನಕ್ಕೆ ಸರಾಸರಿ 23 ಕಿಲೋಮೀಟರ್ ಸಾಗಬೇಕು. ಎರಡು ದಿನ ವಿಶ್ರಾಂತಿಗೆ ಬಿಟ್ಟರೆ 26. ಎದುರುಗಾಳಿ ಬೀಸಿದ ದಿನ ಈ ಲೆಕ್ಕ ತಪ್ಪುತ್ತದೆ. ಅದಕ್ಕೂ ಒಂದಿಷ್ಟು ದಿನ ಕೈಯಲ್ಲಿಟ್ಟುಕೊಳ್ಳಬೇಕು.

<b>ಪೊವೆಲ್ ಕಲಿಸಿದ ಪಾಠ</b>

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇದೇ ನದಿಯಲ್ಲಿ ಉದಾಹರಣೆಯಿದೆ. ಯುದ್ಧದಲ್ಲಿ ಒಂದು ಕೈ ಕಳೆದುಕೊಂಡಿದ್ದ ಜಾನ್ ವೆಸ್ಲಿ ಪೊವೆಲ್ 1869ರ ಮೇ 24ರಂದು ಒಂಬತ್ತು ಜನರೊಂದಿಗೆ, ನಾಲ್ಕು ದೋಣಿಗಳಲ್ಲಿ, ಉತ್ತರದ ವಯೋಮಿಂಗ್‌ನಿಂದ ಹೊರಟ. ಹತ್ತು ತಿಂಗಳಿಗಾಗುವಷ್ಟು ದಿನಸಿಯಿತ್ತು. ಒಂದು ದೋಣಿ ಹೋದರೂ ಯಾವ ಪದಾರ್ಥವೂ ಪೂರ್ತಿ ಹೋಗದಂತೆ ಅದನ್ನು ಹಂಚಿಡಲಾಗಿತ್ತು. ಆದರೆ ಎತ್ತರ ಅಳೆಯುವ ವಾಯುಭಾರ ಮಾಪಕಗಳೆಲ್ಲ ಒಂದೇ ದೋಣಿಯಲ್ಲಿದ್ದವು. ಜೂನ್ ತಿಂಗಳಲ್ಲಿ ಬಂಡೆಗೆ ಬಡಿದು ಒಡೆದದ್ದು ಅದೇ ದೋಣಿ! ಮಾಪಕಗಳು ಹೇಗೋ ಮರಳಿ ಸಿಕ್ಕವು. ಉಳಿದ ದೋಣಿಗಳ ದಿನಸಿ ನೆನೆದು, ಬೂಸಲು ಹಿಡಿದು, ಮೂರು ತಿಂಗಳೊಳಗೆ ಮುಗಿಯುತ್ತ ಬಂತು.

ಒಬ್ಬಾತ ಜುಲೈನಲ್ಲೇ ತಂಡ ಬಿಟ್ಟಿದ್ದ. ಆಗಸ್ಟ್ 28ರಂದು ಇನ್ನೂ ಮೂವರು, ಮುಂದಿನ ನೀರಿನ ರಭಸವನ್ನು ದಾಟಲಾಗದು ಎಂದು ಬಗೆದು, ಕಣಿವೆಯ ಗೋಡೆ ಹತ್ತಿ ಹೊರಟರು. ಅವರು ಕೊಲೆಯಾದರು, ಕೊಂದವರು ಯಾರೆಂಬ ವಾದ ಇಂದಿಗೂ ನಿಂತಿಲ್ಲ. ನೀರಿನಲ್ಲೇ ಮುಂದುವರಿದ ಆರು ಮಂದಿ ಎರಡೇ ದಿನಗಳಲ್ಲಿ, ಆಗಸ್ಟ್ 30ರಂದು, ಜನವಸತಿಯ ನೆಲ ಕಂಡರು.

<b>ನೀರಿನ ಸ್ವಭಾವ</b>

ಕಣಿವೆಯ ಪಕ್ಕದ ಕಂದಕಗಳಿಂದ ಮಳೆನೀರು ಬಂಡೆಗಳನ್ನು ಉರುಳಿಸಿ ತಂದು ನದಿಗೆ ಹಾಕುತ್ತದೆ. ನದಿ ಇಕ್ಕಟ್ಟಾಗಿ, ಇಳಿಜಾರಿನಲ್ಲಿ ನೊರೆಯೆದ್ದು ನುಗ್ಗುತ್ತದೆ. ಇಂಥ ಜಾಗವೇ 'ರ್ಯಾಪಿಡ್'. 1966ರ ಡಿಸೆಂಬರ್‌ನ ಪ್ರವಾಹಕ್ಕೆ ಸಿಕ್ಕಿದ 'ಕ್ರಿಸ್ಟಲ್' ಎಂಬ ಸಾಧಾರಣ ರ್ಯಾಪಿಡ್, ಎಲ್ಲರೂ ಹೆದರುವ ಜಾಗವಾಗಿಬಿಟ್ಟಿತು. ಹಳೆಯ ನಕಾಶೆಯನ್ನೇ ನೆಚ್ಚಿಕೊಳ್ಳುವಂತಿಲ್ಲ. ಅನುಭವಿಗಳು ಮೇಲ್ಗಡೆಯೇ ದೋಣಿ ಕಟ್ಟಿ, ದಡದ ಮೇಲೆ ನಡೆದು, ನೀರಿನ ದಾರಿಯನ್ನು ಕಣ್ಣಾರೆ ನೋಡಿ ಬಂದ ನಂತರವೇ ಹುಟ್ಟು ಹಿಡಿಯುತ್ತಾರೆ.

ಬೇಸಿಗೆಯಲ್ಲಿ ಕಣಿವೆಯ ತಳದ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನೀರು ಮಾತ್ರ ತಣ್ಣಗಿರುತ್ತದೆ. ಅದು ಬರುವುದು 1963ರಲ್ಲಿ ನೀರು ತುಂಬತೊಡಗಿದ ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಹಿಂದಣ ಆಳದಿಂದ. ಜಲಾಶಯದ ಮಟ್ಟ ಇಳಿದ ವರ್ಷಗಳಲ್ಲಿ ಕೊಂಚ ಬೆಚ್ಚಗಾಗುವುದುಂಟು. ಬಿಸಿಲಲ್ಲಿ ಬೆಂದವರು ಥಟ್ಟನೆ ಅದರೊಳಗೆ ಬಿದ್ದರೆ ಉಸಿರೇ ಕಟ್ಟುತ್ತದೆ. ಆದ್ದರಿಂದ ದೋಣಿಯಲ್ಲಿರುವಷ್ಟು ಹೊತ್ತೂ ತೇಲುಕವಚ ಮೈಮೇಲಿರಬೇಕು. ವಿದ್ಯುತ್ ಬೇಡಿಕೆಗೆ ತಕ್ಕಂತೆ ಅಣೆಕಟ್ಟು ನೀರು ಬಿಡುವುದರಿಂದ ದಿನದಿನವೂ ಮಟ್ಟ ಏರಿಳಿಯುತ್ತದೆ. ರಾತ್ರಿ ನೀರಲ್ಲಿ ಕಟ್ಟಿದ ದೋಣಿ ಬೆಳಗಾಗುವಾಗ ಮರಳ ಮೇಲೆ ಕುಳಿತಿರುವುದು ಅಪರೂಪವಲ್ಲ.

ಹೊತ್ತು ಹೋದದ್ದನ್ನೆಲ್ಲ ಹೊತ್ತು ತರಬೇಕೆಂಬುದು ಇಲ್ಲಿನ ಕಟ್ಟುನಿಟ್ಟು. ಒಲೆಯ ಬೂದಿ, ಅಡುಗೆಯ ಕಸವಷ್ಟೇ ಅಲ್ಲ, ಮಲವನ್ನೂ ಮುಚ್ಚಿದ ಡಬ್ಬಿಗಳಲ್ಲಿ ಕೊನೆಯವರೆಗೆ ಒಯ್ಯಬೇಕು. ಮೊದಲು ಕೇಳಿದವರಿಗೆ ಅಸಹ್ಯವೆನಿಸಬಹುದು. ಆದರೆ ತಂಡಗಳೆಲ್ಲ ಇಳಿದುಕೊಳ್ಳುವ ಮರಳ ದಂಡೆಗಳು ಕೆಲವೇ ಕೆಲವು. ಒಣನಾಡಿನಲ್ಲಿ ಮಣ್ಣಿಗೆ ಬಿದ್ದದ್ದು ಬೇಗ ಕರಗುವುದೂ ಇಲ್ಲ. ಮುಂದೆ ಬರುವವರಿಗೆ ಜಾಗ ಚೊಕ್ಕಟವಾಗಿರಲು ಬೇರೆ ಉಪಾಯವಿಲ್ಲ.

ದಾರಿಯ ಸುಮಾರು 88ನೇ ಮೈಲಿಯಲ್ಲಿ ಫ್ಯಾಂಟಮ್ ರ್ಯಾಂಚ್ ಇದೆ. ಮನಸ್ಸು ಬದಲಾದವರು ಅಲ್ಲಿಂದ ಕಾಲುದಾರಿಯಲ್ಲಿ ಕಣಿವೆಯ ಅಂಚಿಗೆ ಏರಬಹುದು: ಸುಮಾರು 15 ಕಿಲೋಮೀಟರ್ ನಡಿಗೆ, 4,400 ಅಡಿ ಏರಿಕೆ. ಅದು ದಾಟಿದರೆ ಹಿಂತಿರುಗುವ ಮಾತು ಕಷ್ಟವೇ. ತುರ್ತಿಗೆ ಹೆಲಿಕಾಪ್ಟರ್ ಕರೆಯಬೇಕಾಗುತ್ತದೆ.

ಇಂಥ ಯಾನಕ್ಕೆ ಹಂಬಲಿಸುವ ಮಕ್ಕಳನ್ನು ತಂದೆತಾಯಿಗಳು ಮೊದಲು ಕೇಳುವುದು ಈಜು ಬರುತ್ತದೆಯೇ ಎಂದು. ಕೇಳಬೇಕಾದದ್ದೇ. ಜೊತೆಗೆ ಇನ್ನೊಂದು ಪ್ರಶ್ನೆಯೂ ಇರಲಿ: ತಂಡದಲ್ಲಿ ಯಾರಾದರೂ 'ನನಗೆ ಭಯವಾಗುತ್ತಿದೆ' ಎಂದರೆ ಉಳಿದವರು ಏನು ಮಾಡುತ್ತಾರೆ? ದಡದಲ್ಲಿರುವಾಗಲೇ ಉತ್ತರ ಸಿಕ್ಕಿದ್ದರೆ, ಅಲ್ಲಿಗೆ ಅರ್ಧ ಸಿದ್ಧತೆ ಮುಗಿಯಿತು. ಉಳಿದರ್ಧ ಅಕ್ಕಿ, ಹಿಟ್ಟು, ಹಗ್ಗ.